ನರಸಿಂಹಯ್ಯನವರ ಮೇಲಿನ ಫೈಲು

ಯಶವಂತಪುರದ ನರಸಿಂಹಯ್ಯನವರ ಟೈಪಿಂಗ್ ಶಾಲೆಯಲ್ಲಿ ಒಂಬತ್ತು ಮಿಷನ್ನುಗಳಿದ್ದವು. ವರ್ಷಕ್ಕೊಂದು ಸಲ, ಆಯುಧಪೂಜೆಯ ಬೆಳಿಗ್ಗೆ, ಒಂಬತ್ತನ್ನೂ ಮೇಜಿನಿಂದಿಳಿಸಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಕುಂಕುಮವಿಟ್ಟು, ಚೆಂಡುಹೂವಿನ ಸರ ಹಾಕುವುದು ವರಲಕ್ಷ್ಮಮ್ಮನ ಕೆಲಸ. ಅವಳು ಅಲ್ಲಿ ಆರು ವರ್ಷದಿಂದ ಪಾಠ ಹೇಳಿಕೊಡುತ್ತಿದ್ದವಳು. ಹೆಸರಿಗೆ ಶಾಲೆ ನರಸಿಂಹಯ್ಯನವರದು. ಹುಡುಗರ ಬೆರಳು ಹಿಡಿದು ಕೂರಿಸುವುದು, ಗದರುವುದು, ಅತ್ತರೆ ಸಮಾಧಾನ ಮಾಡುವುದು ಎಲ್ಲ ಇವಳದೇ. ಅರವತ್ತೊಂದನೇ ಇಸವಿಯ ಆ ಆಯುಧಪೂಜೆಯಲ್ಲಿ ಮೂರನೇ ಮಿಷನ್ನನ್ನು ಎತ್ತಿದಾಗ, ಅದರ ಕುಂಟು ಕಾಲಿನಡಿ ನಾಲ್ಕು ಮಡಿಕೆಯಾಗಿ ಕೂತಿದ್ದ ಕಾಗದವೊಂದು ಅಂಗೈಗೆ ಅಂಟಿಕೊಂಡು ಬಂತು. ಟೈಪಾದದ್ದು ಏನು ಕಂಡರೂ ಓದಿಯೇ ಬಿಡುವ ಚಾಳಿ ಅವಳದು. ಬಿಡಿಸಿದಳು.

ತುಮಕೂರು ರಸ್ತೆಯ ಕಾರ್ಖಾನೆಯಿಂದ ಬಂದ ಇಂಟರ್ವ್ಯೂ ಕಾಗದ. ಕುಮಾರಿ ವರಲಕ್ಷ್ಮಮ್ಮ ಎಂಬವರು ಟೈಪಿಸ್ಟ್ ಹುದ್ದೆಯ ಪರೀಕ್ಷೆಗೆ ಇಂಥ ದಿನ ಹಾಜರಾಗತಕ್ಕದ್ದು. ತಾರೀಖು ಮೂರು ವರ್ಷದ ಹಿಂದಿನದು.

ತಮ್ಮ ಹಳ್ಳಿಗೆ ಅಂಚೆಯವನು ವಾರಕ್ಕೊಮ್ಮೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ ಎಂದು ಅರ್ಜಿಗೆ ಶಾಲೆಯ ವಿಳಾಸವನ್ನೇ ಕೊಟ್ಟಿದ್ದಳು. ಆ ಕಾಗದಕ್ಕಾಗಿ ಮೂರು ತಿಂಗಳು ಕಾದಿದ್ದಳು. ಬಾರದಿದ್ದಾಗ, ಹೊಲ ಉಳುವವರ ಮನೆಯ ಹುಡುಗಿಯನ್ನು ಯಾರು ಕರೆಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಸುಮ್ಮನಾಗಿದ್ದಳು. ಆ ಹುದ್ದೆಗೆ ಇಪ್ಪತ್ತೈದು ದಾಟಿದವರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಆಗ ಅವಳಿಗೆ ಇಪ್ಪತ್ನಾಲ್ಕು, ಈಗ ಇಪ್ಪತ್ತೇಳು.

ನರಸಿಂಹಯ್ಯನವರು ಬಾಗಿಲಲ್ಲಿ ಬೂದುಗುಂಬಳಕ್ಕೆ ಕುಂಕುಮ ತುಂಬುತ್ತಿದ್ದರು. ಅವಳು ಕಾಗದ ಹಿಡಿದು ಮುಂದೆ ನಿಂತಾಗ ಒಮ್ಮೆ ನೋಡಿ, ಕನ್ನಡಕ ಸರಿಮಾಡಿಕೊಂಡು, "ಓ, ಅದಾ. ಮಿಷನ್ನು ಅಲ್ಲಾಡ್ತಿತ್ತಮ್ಮ. ನೀನು ಹೋಗಿದ್ರೆ ಇಲ್ಲಿ ಮಕ್ಳಿಗೆ ಯಾರು ಹೇಳ್ಕೊಡ್ತಿದ್ರು?" ಎಂದರು. ಗದರಲಿಲ್ಲ, ಹೆದರಲೂ ಇಲ್ಲ. ಕಾಯಿ ಒಡೆದು, ಕಡಲೆಪುರಿ ಪೊಟ್ಟಣವನ್ನು ಅವಳ ಕೈಗೂ ಕೊಟ್ಟರು.

ಅವಳು ಪೊಟ್ಟಣವನ್ನು ಮೂರನೇ ಮಿಷನ್ನಿನ ಮೇಲಿಟ್ಟು ಹೊರಗೆ ಬಂದಳು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಅಳಲೂ ಇಲ್ಲ. ಅಳುವಿಗೆ ಎಡೆಯೇ ಇಲ್ಲದಂತೆ ಎದೆಯಲ್ಲಿ ಬೇರೊಂದು ಬಂದು ಕೂತಿತ್ತು: ಈ ಮನುಷ್ಯನ ಒಂಬತ್ತು ಮಿಷನ್ನೂ ಮೂಕವಾಗಬೇಕು.

ಅವ್ವ ಮುನಿವೆಂಕಟಮ್ಮನಿಗೆ ವಿಷಯ ಹೇಳಿದಾಗ ಅವಳು ಬಿಡಿಸುತ್ತಿದ್ದ ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದಳಂತೆ. ಆಮೇಲೆ, "ಅವ್ನ ಎದುರ್ಗೇ ಆಕು ಅಂಗ್ಡಿಯ. ದಿನಾ ನಿನ್ ಮುಖ ನೋಡ್ಲಿ" ಎಂದಳಂತೆ. ಹಟ್ಟಿಯಿಂದ ಎಮ್ಮೆ ಹೋಯಿತು, ಮನೆಗೆ ಎರಡು ಹಳೇ ಮಿಷನ್ನು ಬಂದವು. ನರಸಿಂಹಯ್ಯನವರ ಬಾಗಿಲಿಗೆ ಸರಿಯಾಗಿ ಎದುರು, ಬ್ಯಾಟರಾಯಪ್ಪನ ಸೈಕಲ್ ಅಂಗಡಿಯ ಮಹಡಿಯಲ್ಲಿ ವರಲಕ್ಷ್ಮಮ್ಮ ಬೋರ್ಡು ಹಾಕಿದಳು. ಮೊದಲ ತಿಂಗಳು ಬಂದವರು ಇಬ್ಬರೇ.

ಒಬ್ಬಳು ಅಬ್ಬಿಗೆರೆಯ ಅಂಜಿನಮ್ಮ. ಹತ್ತನೇ ತರಗತಿ ಪಾಸು ಮಾಡಿ, ಮನೆಯಲ್ಲಿ ಜಗಳವಾಡಿ ದಿನಾ ನಡೆದು ಬರುತ್ತಿದ್ದವಳು. ಇನ್ನೊಬ್ಬಳು ಫರೀದಾ. ಅವಳ ಅಪ್ಪ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದವನು, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ಮನೆಯಲ್ಲಿ ದುಡಿಯುವ ಕೈ ಇನ್ನೊಂದಿರಲಿಲ್ಲ. ಮೊದಲ ದಿನವೇ ಅಂಜಿನಮ್ಮ ಮುಖಕ್ಕೆ ಹೊಡೆದ ಹಾಗೆ ಹೇಳಿದಳು: "ಮಿಸ್, ನಂಗೆ ಫ್ಯಾಕ್ಟ್ರೀಲಿ ಕೆಲ್ಸ ಬೇಕು. ಅದಕ್ಕೆ ಎಷ್ಟು ಬೇಕೋ ಅಷ್ಟು ಕಲ್ಸಿ. ಎದ್ರುಗಡೆ ಅವ್ರ ಪುಸ್ತಕ ಮಾತ್ರ ಬ್ಯಾಡ, ಅದ್ರಲ್ಲಿ ನಿದ್ದೆ ಬತ್ತದೆ."

ವರಲಕ್ಷ್ಮಮ್ಮನಿಗೆ ಇದು ನಾಟಿತು. ನರಸಿಂಹಯ್ಯನವರ ಪಾಠದ ಪುಸ್ತಕ ಅವರ ಮಾವನ ಕಾಲದ್ದು. ಅದರ ತುಂಬ ಲಿವರ್‌ಪೂಲಿಗೆ ಸೆಣಬು ಕಳಿಸಿದ ಕಾಗದಗಳು, ಹಡಗು ತಡವಾದದ್ದಕ್ಕೆ ಕ್ಷಮಾಪಣೆಗಳು. ಆರು ವರ್ಷ ಅವಳೂ ಅದನ್ನೇ ಹೇಳಿಕೊಟ್ಟಿದ್ದಳು. ಹುಡುಗರು ಕಲಿಯುತ್ತಿದ್ದರೇ ವಿನಾ ಕೆಲಸ ಸಿಕ್ಕವರು ಕಡಿಮೆ. ಏಕೆಂದು ಕೇಳಲು ಅವಳು ಚಿಕ್ಕಪ್ಪನ ಮಗ ಮುನಿಆಂಜಿನಪ್ಪನನ್ನು ಹುಡುಕಿಕೊಂಡು ಗೊರಗುಂಟೆಪಾಳ್ಯದ ತನಕ ಹೋದಳು. ಅವನು ಹೋದ ವರ್ಷವಷ್ಟೇ ಅದೇ ಕಾರ್ಖಾನೆಗೆ ಟಪಾಲು ಗುಮಾಸ್ತನಾಗಿ ಸೇರಿದ್ದ.

ಅವನು ನಗಾಡಿದ. "ನಮ್ ಸಾಹೇಬ್ರು ಬರೆದದ್ದು ಅವ್ರಿಗೇ ಓದೋಕಾಗಲ್ಲ ಕಣಕ್ಕ. ಹೊಡೆದು, ತಿದ್ದಿ, ಪಕ್ಕದಲ್ಲಿ ಬಾಣ ಎಳೆದು ಕೊಡ್ತಾರೆ. ಅದನ್ನ ಹತ್ತು ನಿಮಿಷದಲ್ಲಿ ನೀಟಾಗಿ ಹೊಡಿಯೋರು ಬೇಕು. ಎದ್ರುಗಡೆ ಹುಡುಗ್ರು ಸೆಣಬು ಚೆನ್ನಾಗಿ ಕಳಿಸ್ತಾರೆ. ನಮ್ಮಲ್ಲಿ ಸೆಣಬೆಲ್ಲಿದೆ?" ಆಫೀಸಿನಲ್ಲಿ ದಿನಾ ಓಡಾಡುವ ಕಾಗದಗಳು ಯಾವುವು ಎಂದು ಅವನು ಬೆರಳು ಮಡಿಚಿ ಹೇಳುತ್ತ ಹೋದ. ಗೇಟ್ ಪಾಸು, ರಜೆ ಅರ್ಜಿ, ಜ್ಞಾಪನ, ಕಾರಣ ಕೇಳಿದ ನೋಟೀಸು, ಅದಕ್ಕೆ ಕೊಟ್ಟ ವಿವರಣೆ, ವಿಚಾರಣೆಯ ವರದಿ, ಶಿಕ್ಷೆಯ ಆದೇಶ.

ಕೊನೆಯ ನಾಲ್ಕು ಕೇಳಿದಾಗ ವರಲಕ್ಷ್ಮಮ್ಮನ ತಲೆಯಲ್ಲಿ ದೀಪ ಹತ್ತಿತು.

ಮಹಡಿಯ ಕೋಣೆಯನ್ನು ಅವಳು ಒಂದು ಆಫೀಸು ಮಾಡಿಬಿಟ್ಟಳು. ಒಬ್ಬಳು ಟಪಾಲು, ಒಬ್ಬಳು ಸಿಬ್ಬಂದಿ ಶಾಖೆ, ಆಮೇಲೆ ಬಂದವಳು ಉಗ್ರಾಣ. ಪಾಠಕ್ಕೆ ಅಚ್ಚಿನ ಪುಸ್ತಕವಿಲ್ಲ. ಅವಳೇ ಹಿಂದಿನ ಸಂಜೆ ಸಾಹೇಬರ ಹಾಗೆ ಗೀಚಿ, ಹೊಡೆದು, ಬಾಣ ಎಳೆದು ತಂದ ಕರಡುಗಳು. ಆ ಆಫೀಸಿನಲ್ಲೊಂದು ಫೈಲು ನಡೆಯುತ್ತಿತ್ತು. ಶ್ರೀ ಬಿ. ನರಸಿಂಹಯ್ಯ ಎಂಬ ಗುಮಾಸ್ತರು ಒಬ್ಬ ಬಡ ಹುಡುಗಿಗೆ ಬಂದ ಕಾಗದವನ್ನು ಮುಚ್ಚಿಟ್ಟಿದ್ದಾರೆಂದು ದೂರು. ಸೋಮವಾರ ದೂರು ಟೈಪಾಯಿತು. ಮಂಗಳವಾರ ನೋಟೀಸು. ಬುಧವಾರ ನರಸಿಂಹಯ್ಯನವರ ವಿವರಣೆ, ಅದರ ತುಂಬ ಸುಳ್ಳು. ಗುರುವಾರದ ಕರಡಿನಲ್ಲಿ ಸಾಕ್ಷಿ ಹೇಳಲು ಅಂಚೆಯವನೇ ಬಂದ. ಕಾಗದಗಳೆಲ್ಲ ಇಂಗ್ಲಿಷಿನವು, ಅರ್ಥವಾಗದ ಮಾತು ಬಂದರೆ ಹುಡುಗಿಯರು ಬಿಡದೆ ಕೇಳಿ ತಿಳಿದುಕೊಳ್ಳುತ್ತಿದ್ದರು, ಏಕೆಂದರೆ ನಾಳೆ ಆ ಗುಮಾಸ್ತನಿಗೆ ಏನಾಗುತ್ತದೆಂದು ಗೊತ್ತಾಗಬೇಕಿತ್ತು. ಜ್ವರ ಬಂದವಳೂ ರಜೆ ಹಾಕಲಿಲ್ಲ. ಅಂಜಿನಮ್ಮನಂತೂ ಮೆಟ್ಟಿಲು ಹತ್ತುತ್ತಲೇ, "ಮಿಸ್, ಇವತ್ತಾದ್ರೂ ಸಿಕ್ಕಾಕೊಂತಾನಾ?" ಎಂದು ಕೇಳುತ್ತ ಬರುತ್ತಿದ್ದಳು.

ವಾರಕ್ಕೊಂದು ಹೊಸ ದೂರು ಬಂದರೂ ಫೈಲಿನ ಕೊನೆಯ ಕಾಗದ ಒಂದೇ. "ನಿಮ್ಮ ವಿವರಣೆಯನ್ನು ಪರಿಶೀಲಿಸಲಾಗಿ" ಎಂದು ಶುರುವಾಗಿ, "ಶ್ರೀ ಬಿ. ನರಸಿಂಹಯ್ಯನವರು ನಂಬಿಕೆಗೆ ಅನರ್ಹರೆಂದು ಕಂಡುಬಂದುದರಿಂದ ಅವರನ್ನು ಈ ಕ್ಷಣದಿಂದ ಕೆಲಸದಿಂದ ತೆಗೆಯಲಾಗಿದೆ" ಎಂದು ಮುಗಿಯುವ ಆದೇಶ. ಅದನ್ನು ಮಾತ್ರ ವೇಗ ಬರುವವರೆಗೆ ಹೊಡೆಯಬೇಕು, ದಿನಕ್ಕೆ ಇಪ್ಪತ್ತು ಸಲ. ಕಿಟಕಿ ತೆರೆದಿರುತ್ತಿತ್ತು. ಸಾಲಿನ ಕೊನೆಗೆ ಮಿಷನ್ನಿನ ಗಂಟೆ ಠಣ್ಣೆಂದಾಗಲೆಲ್ಲ ವರಲಕ್ಷ್ಮಮ್ಮ ಎದುರು ಬಾಗಿಲನ್ನು ನೋಡುತ್ತಿದ್ದಳು. ಹಸಿದವರು ಉಂಡ ಹಾಗಾಗುತ್ತಿತ್ತು ಅವಳಿಗೆ.

ಫೈಲಿನ ಕಥೆ ಬೀದಿಗೆ ಬರಲು ಬಹಳ ದಿನ ಬೇಕಾಗಲಿಲ್ಲ. ಹುಡುಗಿಯರು ಹಾಳೆಗಳನ್ನು ಮನೆಗೊಯ್ದರು, ಮನೆಯಲ್ಲಿ ಅಣ್ಣಂದಿರು ಓದಿದರು, ಸೈಕಲ್ ಅಂಗಡಿಯ ಬೆಂಚಿನ ಮೇಲೆ ಅದರದೇ ಮಾತಾಯಿತು. ಬ್ಯಾಟರಾಯಪ್ಪ ಪಂಕ್ಚರ್ ಹಾಕುತ್ತ, ವಿಚಾರಣೆ ಎಲ್ಲಿಗೆ ಬಂತೆಂದು ದಿನಾ ವಿಚಾರಿಸುತ್ತಿದ್ದ. ಆರು ತಿಂಗಳಲ್ಲಿ ಮಹಡಿಯಲ್ಲಿ ಹದಿನೇಳು ಮಂದಿ, ಐದು ಮಿಷನ್ನು. ಎದುರುಗಡೆ ಒಂಬತ್ತರಲ್ಲಿ ಆರಕ್ಕೆ ಮುಸುಕು ಬಿತ್ತು. ನರಸಿಂಹಯ್ಯನವರು ಬೀದಿಯಲ್ಲಿ ತಲೆಯೆತ್ತಿ ನಡೆಯುವುದನ್ನು ಬಿಟ್ಟರು. ಅವರಿಗೆ ಉಳಿದಿದ್ದ ಮರ್ಯಾದೆ ಒಂದೇ. ಕಾರ್ಖಾನೆಯವರು ಟೈಪಿಂಗ್ ಪರೀಕ್ಷೆ ಮಾಡುವಾಗ ಉತ್ತರದ ಹಾಳೆ ತಿದ್ದಿ ರುಜು ಹಾಕಲು ಹೊರಗಿನವರೊಬ್ಬರನ್ನು ಕರೆಸುವ ರೂಢಿಯಿತ್ತು. ಹತ್ತು ವರ್ಷದಿಂದ ಆ ಕುರ್ಚಿ ಅವರದು. ಅದನ್ನೂ ಕಿತ್ತುಕೊಳ್ಳಬೇಕೆಂದು ವರಲಕ್ಷ್ಮಮ್ಮ ಹೊಂಚುತ್ತಿದ್ದಳು.

ಅರವತ್ತೆರಡರ ಜುಲೈಯಲ್ಲಿ ಕಾರ್ಖಾನೆ ಪರೀಕ್ಷೆ ಕರೆಯಿತು. ವರಲಕ್ಷ್ಮಮ್ಮ ಮೊದಲು ಕಳಿಸಿದ್ದು ಫರೀದಾಳನ್ನು. ಅವಳಷ್ಟು ಚೆನ್ನಾಗಿ ಹೊಡೆಯುವವರು ಯಶವಂತಪುರದಲ್ಲೇ ಇರಲಿಲ್ಲ. ಅಲ್ಲದೆ ಸೆಪ್ಟೆಂಬರಿಗೆ ಅವಳಿಗೆ ಇಪ್ಪತ್ತೈದು ತುಂಬುತ್ತಿತ್ತು. ಇದೇ ಕೊನೆಯ ಅವಕಾಶ.

ಟೈಪು ಕಲಿತವರಿಗೆ ಗೊತ್ತು, ಕಣ್ಣು ಕರಡಿನ ಮೇಲೇ ಇರಬೇಕು, ಕೈಯ ಕಡೆ ಹೋಗಕೂಡದು. ಬೆರಳು ತಾನಾಗಿ ಹೋಗಬೇಕು. ಫರೀದಾಳಿಗೆ ಕೊಟ್ಟ ಕರಡಿನಲ್ಲಿ ಗೇಟ್ ಪಾಸೊಂದು, ಪಟ್ಟಿಯೊಂದು, ಕೊನೆಗೊಂದು ಆದೇಶ. ಚಿಕ್ಕಬೈರಪ್ಪ ಎಂಬ ಫೋರ್‌ಮನ್ನರ ವಿವರಣೆ ತೃಪ್ತಿಕರವಾಗಿರುವುದರಿಂದ ಅವರ ಬಡ್ತಿಯನ್ನು ಕಾಯಂ ಮಾಡಲಾಗಿದೆ ಎಂದು. ಆದೇಶ ಶುರುವಾದದ್ದು "ನಿಮ್ಮ ವಿವರಣೆಯನ್ನು ಪರಿಶೀಲಿಸಲಾಗಿ" ಎಂಬ ಮಾತಿನಿಂದ. ಅಷ್ಟು ಸಿಕ್ಕಿದ್ದೇ ತಡ, ಬೆರಳು ಹಳೆಯ ದಾರಿ ಹಿಡಿದು ಓಡಿಬಿಟ್ಟವು. ಗಂಟೆ ಬಾರಿಸಿ ಹಾಳೆ ಕಸಿದುಕೊಂಡು ಹೋದ ಮೇಲೂ ಅವಳಿಗೆ ತಾನೇನು ಹೊಡೆದೆನೆಂಬುದು ತಿಳಿಯಲಿಲ್ಲ.

ತಿಳಿದದ್ದು ನರಸಿಂಹಯ್ಯನವರಿಗೆ. ಕೆಂಪು ಪೆನ್ಸಿಲ್ ಹಿಡಿದು ತಿದ್ದುತ್ತ ಬಂದವರು ಆ ಸಾಲಿಗೆ ಬಂದು ನಿಂತರು. ಶ್ರೀ ಬಿ. ನರಸಿಂಹಯ್ಯನವರನ್ನು, ಕಾರ್ಖಾನೆಯ ತಲೆಬರಹವಿರುವ ಹಾಳೆಯಲ್ಲೇ, ಈ ಕ್ಷಣದಿಂದ ಕೆಲಸದಿಂದ ತೆಗೆಯಲಾಗಿತ್ತು.

ಅವರು ಹಾಳೆಯನ್ನು ನೇರವಾಗಿ ಸಿಬ್ಬಂದಿ ಅಧಿಕಾರಿ ವೆಂಕಟರಾಮಯ್ಯನವರ ಮೇಜಿಗೆ ಒಯ್ದರಂತೆ. ಬೇಕೆಂದೇ ಮಾಡಿದ ಅವಮಾನ ಇದು, ಆ ಮಹಡಿಯಿಂದ ಬರುವವರೆಲ್ಲ ಇಂಥವರೇ ಎಂದರಂತೆ. ಪಟ್ಟಿಯಿಂದ ಫರೀದಾಳ ಹೆಸರು ಹೋಯಿತು. ಆ ಶಾಲೆಯ ಯಾರನ್ನೂ ಸದ್ಯಕ್ಕೆ ಕರೆಯಬಾರದೆಂದು ಬಾಯಿಮಾತಿನ ಅಪ್ಪಣೆಯಾಯಿತು. ಇಷ್ಟನ್ನು ಮುನಿಆಂಜಿನಪ್ಪ ಮಹಡಿಗೆ ಬಂದು, ಚಪ್ಪಲಿಯನ್ನೂ ಬಿಡದೆ, ನಿಂತೇ ಹೇಳಿ ಹೋದ.

ವರಲಕ್ಷ್ಮಮ್ಮ ನರಸಿಂಹಯ್ಯನವರನ್ನು ಬೈಯಲು ಬಾಯಿ ತೆರೆದಳು. ಫರೀದಾ ಅದಕ್ಕೆ ಬಿಡಲಿಲ್ಲ. ದನಿ ಏರಿಸದೆ ಹೇಳಿದಳು: "ನನ್ ಬೆರಳಿಗೆ ನಿಮ್ ಸಿಟ್ಟು ಗೊತ್ತು ಮಿಸ್. ನನ್ ಕೆಲ್ಸ ಗೊತ್ತಿಲ್ಲ."

ಅವಳು ಅಷ್ಟು ಹೇಳಿ ಬುರ್ಖಾ ಸರಿಮಾಡಿಕೊಂಡು ಇಳಿದು ಹೋದಳು. ವರಲಕ್ಷ್ಮಮ್ಮ ಕಿಟಕಿಯ ಬಳಿ ಬಂದು ಎದುರು ಬಾಗಿಲನ್ನು ನೋಡಿದಳು. ಎದುರಿನವನು ಒಬ್ಬಳ ಕೆಲಸ ತಪ್ಪಿಸಿದ್ದ. ತಾನು ಹದಿನೇಳು ಮಂದಿಯದು. ಈ ಲೆಕ್ಕದಲ್ಲಿ ಅವನೇ ಸಣ್ಣವನು ಎಂಬುದು ಅವಳಿಗೆ ಸಹಿಸಲಾಗದೆ ಹೋಯಿತು.

ಮರುದಿನ ಮುನಿಆಂಜಿನಪ್ಪನನ್ನು ಕಾಡಿ ಬೇಡಿ, ಅಧಿಕಾರಿಗಳನ್ನು ಕಾಣಲು ಮುಂದಿನ ಗುರುವಾರ ಹತ್ತು ಗಂಟೆಗೆ ಸಮಯ ಗಿಟ್ಟಿಸಿದಳು. ನಡುವೆ ಎಂಟು ದಿನ. ಫರೀದಾಳ ಮನೆಗೇ ಹೋಗಿ, ಹಾಸಿಗೆಯಲ್ಲಿದ್ದ ಅಪ್ಪನ ಮುಂದೆ ತಪ್ಪು ತನ್ನದೆಂದು ಒಪ್ಪಿಕೊಂಡು, ಮಗಳನ್ನು ಕರೆದುಕೊಂಡು ಬಂದಳು.

ಕಲಿತದ್ದನ್ನು ಮರೆಸುವುದು ಕಲಿಸುವುದಕ್ಕಿಂತ ಕಷ್ಟದ ಕೆಲಸ. ವರಲಕ್ಷ್ಮಮ್ಮ ಹೊಸ ಕರಡುಗಳನ್ನು ಬರೆದಳು. ಎಲ್ಲವೂ ಶುರುವಾಗುವುದು ಅದೇ ಮಾತಿನಿಂದ, ಮುಗಿಯುವುದು ಒಂದೊಂದು ಒಂದೊಂದು ಥರ. ಕಾವಲುಗಾರ ನರಸಯ್ಯನಿಗೆ ಹೊಸ ಕೊಡೆ ಕೊಟ್ಟದ್ದು, ಕ್ಯಾಂಟೀನಿನ ಪಟಾಲಮ್ಮನಿಗೆ ಹೆರಿಗೆ ರಜೆ ಸಿಕ್ಕಿದ್ದು. ಎರಡು ದಿನದಲ್ಲಿ ಫರೀದಾ ಅವನ್ನೆಲ್ಲ ಸರಾಗವಾಗಿ ಹೊಡೆದಳು. ಆದರೂ ತೃಪ್ತಿಯಾಗಲಿಲ್ಲ ಅವಳಿಗೆ. ಬೇರೆಯವರ ಹೆಸರಿದ್ದರೆ ಬೆರಳು ಎಚ್ಚರವಾಗಿರುತ್ತವೆ, ಅದೇ ಹೆಸರು ಬಂದರೇನು ಗತಿ ಎಂದಳು. "ಅವ್ರ ಹೆಸರಲ್ಲೇ ಬರೀರಿ ಮಿಸ್. ಒಳ್ಳೇದು ಬರೀರಿ."

ವರಲಕ್ಷ್ಮಮ್ಮ ಆ ಸಂಜೆ ಪೆನ್ನು ಹಿಡಿದು ಕೂತಳು. ಕೈ ಏಳಲೇ ಇಲ್ಲ. ಕೊನೆಗೆ ಹಲ್ಲು ಕಚ್ಚಿ ಬರೆದಳು. ಶ್ರೀ ಬಿ. ನರಸಿಂಹಯ್ಯನವರಿಗೆ ಮಗಳ ಮದುವೆಗೆ ಹದಿನೈದು ದಿನ ರಜೆ ಮಂಜೂರು. ಶ್ರೀ ಬಿ. ನರಸಿಂಹಯ್ಯನವರಿಗೆ ಕಾರ್ಖಾನೆಯ ಮನೆ, ಅಂಗಳದಲ್ಲಿ ನಲ್ಲಿ. ಶ್ರೀ ಬಿ. ನರಸಿಂಹಯ್ಯನವರ ಪ್ರಾಮಾಣಿಕ ಸೇವೆಗೆ ಆಡಳಿತ ಮಂಡಳಿಯ ಮೆಚ್ಚುಗೆ. ಒಂದೊಂದನ್ನು ಬರೆದಾಗಲೂ ಬೇವಿನ ಕಷಾಯ ಕುಡಿದ ಮುಖ ಮಾಡುತ್ತಿದ್ದಳು. ಅಂಥವು ನಲವತ್ತು. ನಡುನಡುವೆ ಅಂಜಿನಮ್ಮ ಇಣುಕಿ ನೋಡಿ, "ಈ ವಯ್ಯಂಗೆ ಇನ್ನೂ ಏನ್ ಕೊಡ್ತೀರಿ ಮಿಸ್, ಫ್ಯಾಕ್ಟ್ರೀನೇ ಬರ್ಕೊಟ್ಬಿಡಿ" ಎಂದಾಗ ಫರೀದಾ ಮೊದಲ ಸಲ ನಕ್ಕಳು. ವರಲಕ್ಷ್ಮಮ್ಮ ನಗಲಿಲ್ಲ. ಅವಳ ಸಿಟ್ಟು ಎಳ್ಳಷ್ಟೂ ತಗ್ಗಿರಲಿಲ್ಲ. ಗುರುವಾರ ಅಧಿಕಾರಿಗಳ ಮುಂದೆ ಎಲ್ಲವನ್ನೂ ಬಿಚ್ಚಿ ಹೇಳುವವಳಿದ್ದಳು. ಮುಚ್ಚಿಟ್ಟದ್ದು ಕಾರ್ಖಾನೆಯದೇ ಕಾಗದವಾದ್ದರಿಂದ, ಹೇಳಿದ ಮರುಗಳಿಗೆ ಆ ಕುರ್ಚಿ ಹೋಗುತ್ತಿತ್ತು.

ಗುರುವಾರ ಕೋಣೆಯೊಳಗೆ ಕಾಲಿಟ್ಟಾಗ ನರಸಿಂಹಯ್ಯನವರೂ ಅಲ್ಲೇ ಕೂತಿದ್ದರು. ಅಧಿಕಾರಿಗಳೇ ಕರೆಸಿದ್ದರಂತೆ. ವೆಂಕಟರಾಮಯ್ಯನವರು ಕೆಂಪು ಗೆರೆ ಎಳೆದ ಹಾಳೆಯನ್ನು ಮುಂದಿಟ್ಟುಕೊಂಡು, ಹುಡುಗಿಯ ವೇಗ ತಾವು ಇಲ್ಲಿಯವರೆಗೆ ಕಂಡದ್ದಲ್ಲ, ಬಾಣ ಎಳೆದ ಪಟ್ಟಿಯಲ್ಲಿ ಒಂದೂ ತಪ್ಪಿಲ್ಲ, ಆದರೆ ಈ ಸಾಲು ಏನು ಎಂದು ಕೇಳಿದರು. ಮುಂದುವರಿದು ಇನ್ನೊಂದು ಮಾತನ್ನೂ ಹೇಳಿದರು. "ಇದು ಎರಡು ಶಾಲೆಗಳ ಜಗಳ ಅಂತಾದ್ರೆ ಹೇಳ್ಬಿಡಿ. ನಂಗೆ ಇಬ್ರೂ ಬೇಡ. ಪೇಟೆಯಿಂದ ಟೈಪಿಸ್ಟ್‌ಗಳನ್ನ ತರಿಸ್ಕೋತೀನಿ. ಈ ಹೆಸರು ಎಲ್ಲಿಂದ ಬಂತು, ವರಲಕ್ಷ್ಮಮ್ಮನವರೇ?"

ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ನರಸಿಂಹಯ್ಯನವರ ಕಡೆ ತಿರುಗಿದಳು. ಅವರು ಮೇಜನ್ನೇ ನೋಡುತ್ತಿದ್ದರು. ಕೆಂಪು ಪೆನ್ಸಿಲನ್ನು ಅಂಗೈಯೊಳಗೆ ಮುಚ್ಚಿಟ್ಟುಕೊಂಡಿದ್ದರು. ಆಯುಧಪೂಜೆಯ ದಿನ ಅವಳ ಮುಂದೆ ಹೆದರದಿದ್ದ ಮನುಷ್ಯ ಈಗ, ಅವಳು ಬಾಯಿ ತೆರೆಯುವ ಮೊದಲೇ, ಕುರ್ಚಿಯಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದರು. ಬಾಗಿಲಾಚೆ ಬೆಂಚಿನ ಮೇಲೆ ಫರೀದಾ ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು.

"ನಾನು ಅಭ್ಯಾಸಕ್ಕೆ ಬರೆದ ಕಾಗದ ಸಾರ್" ಎಂದಳು ವರಲಕ್ಷ್ಮಮ್ಮ. "ಏನಾದ್ರೂ ಒಂದು ಹೆಸರು ಬೇಕಿತ್ತು. ದಿನಾ ಅದನ್ನೇ ಹೊಡೆಸಿ ಹೊಡೆಸಿ ಬೆರಳಿಗೆ ಹತ್ತಿಸಿದೆ. ತಪ್ಪು ನಂದು, ಹುಡುಗೀದಲ್ಲ."

"ಇವರ ಮೇಲೆ ನಿಮಗೇನೂ ಇಲ್ಲವಾ?"

"ಹೇಳೋ ಅಂಥದ್ದು ಇವತ್ತೇನೂ ಇಲ್ಲ ಸಾರ್."

ವೆಂಕಟರಾಮಯ್ಯನವರು ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿದರು. ಅವರಿಗೆಷ್ಟು ಅರ್ಥವಾಯಿತೋ ದೇವರೇ ಬಲ್ಲ. ಅಲ್ಲೇ ಒಂದು ಹಾಳೆ ಎಳೆದು, ಗೀಚಿ, ಹೊಡೆದು, ಬಾಣ ಎಳೆದು, ಅದೇ ಮಾತಿನಿಂದ ಶುರುಮಾಡಿ, ಬೇಕೆಂದೇ ಅದೇ ಹೆಸರನ್ನೂ ಹಾಕಿದರು. ಶ್ರೀ ಬಿ. ನರಸಿಂಹಯ್ಯನವರನ್ನು ಮುಂದಿನ ಮೂರು ವರ್ಷಕ್ಕೆ ಪರೀಕ್ಷಕರನ್ನಾಗಿ ಮುಂದುವರಿಸಲಾಗಿದೆ. ಫರೀದಾಳನ್ನು ಒಳಗೆ ಕರೆದು ಹತ್ತು ನಿಮಿಷ ಕೊಟ್ಟರು.

ಅವಳು ಏಳು ನಿಮಿಷದಲ್ಲಿ ಮುಗಿಸಿದಳು. ಆ ಸಾಲು ಬಂದಾಗ ಮಿಷನ್ನಿನ ಸದ್ದು ಒಂದೇ ಒಂದು ಕ್ಷಣ ನಿಂತಿತು. ಆಮೇಲೆ ಸದ್ದು ಮೊದಲಿನಂತೆ ಓಡಿತು.

ನರಸಿಂಹಯ್ಯನವರು ಹಾಳೆಯನ್ನು ಎರಡು ಸಲ ಓದಿದರು. ಪೆನ್ಸಿಲ್ಲಿಗೆ ಕೆಲಸ ಸಿಗಲಿಲ್ಲ. ಪೆನ್ನು ತೆಗೆದು ರುಜು ಹಾಕಿದರು. ಆ ರುಜು ಬೀಳುವಷ್ಟು ಹೊತ್ತೂ ವರಲಕ್ಷ್ಮಮ್ಮ ರೆಪ್ಪೆ ಹೊಡೆಯದೆ ನೋಡಿದಳು. ಶಾಲೆಯ ಮೇಲಿನ ಅಪ್ಪಣೆ ರದ್ದಾಯಿತು, ಫರೀದಾ ಸೋಮವಾರದಿಂದ ಕೆಲಸಕ್ಕೆ ಬರಬೇಕೆಂದಾಯಿತು. ಫರೀದಾ ಯಾರಿಗೆ ಕೈಮುಗಿಯಬೇಕೆಂದು ತೋಚದೆ, ಮಿಷನ್ನಿಗೊಂದು ಸಲ ಕೈಮುಗಿದು, ಅಪ್ಪನಿಗೆ ಹೇಳಲು ಓಡಿದಳು.

ಕಾರ್ಖಾನೆಯ ಗೇಟಿನ ಹತ್ತಿರ ನರಸಿಂಹಯ್ಯನವರು ಹಿಂದಿನಿಂದ ಬಂದು ವರಲಕ್ಷ್ಮಮ್ಮನ ಜೊತೆ ಹೆಜ್ಜೆ ಹಾಕಿದರು. ಮೊದಲೆಲ್ಲ ಏಕವಚನದಲ್ಲೇ ಕರೆಯುತ್ತಿದ್ದವರು. "ಯಾಕೆ ಹೇಳ್ಲಿಲ್ಲ ನೀವು?" ಎಂದು ಕೇಳಿದರು.

"ಹೇಳೋಕೆ ಮನಸ್ಸಿತ್ತು. ಈಗ್ಲೂ ಇದೆ."

"ಮತ್ತೆ?"

"ನನ್ ಹತ್ರ ಇನ್ನೂ ಹದಿನಾರು ಮಂದಿ ಇದಾರೆ ಸಾರ್. ಆಮೇಲೂ ಬರ್ತಾರೆ. ಪ್ರತಿ ಪರೀಕ್ಷೆಗೂ ಕಳಿಸ್ತೀನಿ. ಒಬ್ಬೊಬ್ಬರ ಹಾಳೆಗೂ ನೀವೇ ರುಜು ಹಾಕ್ಬೇಕು. ಬೇರೆಯೋರು ಆ ಕುರ್ಚೀಲಿ ಕೂತ್ರೆ ನಂಗೆ ಸಮಾಧಾನ ಇಲ್ಲ. ಯಾರದಾದ್ರೂ ಹಾಳೇಲಿ ಇಲ್ಲದ ತಪ್ಪು ಕಂಡ್ರೆ, ಆವತ್ತು ಸಾಹೇಬ್ರ ಹತ್ರ ಮಾತಾಡ್ತೀನಿ."

ನರಸಿಂಹಯ್ಯನವರು ನಿಂತುಬಿಟ್ಟರು. ತುಮಕೂರು ರಸ್ತೆಯಲ್ಲಿ ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಅವರು ಕೆಮ್ಮತೊಡಗಿದರು, ಕೆಮ್ಮು ಬೇಗ ನಿಲ್ಲಲಿಲ್ಲ. ವರಲಕ್ಷ್ಮಮ್ಮ ಪಕ್ಕದಲ್ಲೇ ನಿಂತು, ಅದು ನಿಲ್ಲುವವರೆಗೂ ಕಾದಳು.

"ಆರೋಗ್ಯ ನೋಡ್ಕೊಳ್ಳಿ ಸಾರ್" ಎಂದಳು. "ನೀವು ಬಹಳ ವರ್ಷ ಇರ್ಬೇಕು."